ತಕಿಟ ತಕಿಟ ತಕಧಿಮಿ: ಬ್ರೆಜಿಲಿನ ಒಂದು ಗೀತೆ ಪುಣೆಯ ಅಡಿಗೆಮನೆಗೆ ಬಂದ ಬಗೆ

ಕಳೆದ ವರ್ಷದ ರಾಜ್ಯೋತ್ಸವಕ್ಕೆ ಇನ್ನೂ ಆರು ವಾರಗಳಿರುವಾಗ ಒಂದು ಸಂಜೆ ನಾಲ್ವರು ನಮ್ಮ ಕಚೇರಿಯ ಮೆಟ್ಟಲೇರಿ ಬಂದರು. ಒಬ್ಬರು ಕ್ಯಾಂಪಿನ ಬ್ಯಾಂಕೊಂದರಲ್ಲಿ ಗುಮಾಸ್ತರು. ಎರಡನೆಯವರು ಡೆಕ್ಕನ್ ಜಿಮಖಾನದ ಕಡೆಯ ಹೋಟೆಲೊಂದರ ಗಲ್ಲೆಯ ಮೇಲೆ ಕುಳಿತುಕೊಳ್ಳುವವರು. ಮೂರನೆಯವರು ಅದೇ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ನಾಲ್ಕನೆಯವನು ಲೋಟ ತೊಳೆಯುವಲ್ಲಿಂದ ಈಚೆಗಷ್ಟೇ ಟೇಬಲ್ಲಿಗೆ ಬಡ್ತಿ ಹೊಂದಿದ ಹುಡುಗ. ಬಂದವರು ಕುಳಿತುಕೊಳ್ಳದೆ ನಿಂತೇ ತಮ್ಮ ಬೇಡಿಕೆಯನ್ನು ಅರುಹಿದರು. ಸಮಾರಂಭದಲ್ಲಿ ಅವರಿಗೆ ಐದು ನಿಮಿಷಗಳ ಅವಕಾಶ ಬೇಕಾಗಿತ್ತು. ನುಡಿಸುವುದು ‘ದಿ ಗರ್ಲ್ ಫ್ರಂ ಇಪನೇಮ’ ಎಂಬ ಬ್ರೆಜಿಲ್ ದೇಶದ ಗೀತೆ. ಹಾಡುವವರಿಲ್ಲ, ವಾದ್ಯ ಮಾತ್ರ.

ನಾವು ಸಮಿತಿಯ ಸದಸ್ಯರಲ್ಲೊಬ್ಬರು. ನಿಜವನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ: ಅಂದು ನಾವು ಅವರಿಗೆ ಕಾಫಿ ತರಿಸಿಕೊಟ್ಟು, ಆಗದೆಂದು ಹೇಳಿದೆವು. ವರ್ಷಕ್ಕೊಮ್ಮೆ ಪರಸ್ಥಳದಲ್ಲಿ ನಮ್ಮವರೆಲ್ಲ ಒಂದೆಡೆ ಕೂಡುವ ದಿನ ಕಿವಿಗೆ ಕನ್ನಡವು ಬೀಳಬೇಕೇ ಹೊರತು, ಯಾವುದೋ ಸಮುದ್ರತೀರದ ಹುಡುಗಿಯ ಮೇಲಿನ ಪದವಲ್ಲ ಎಂಬುದು ನಮ್ಮ ವಾದವಾಗಿತ್ತು. ಗುಮಾಸ್ತರು ಮುಖ ಸಪ್ಪಗೆ ಮಾಡಿಕೊಂಡರು. ದೋಸೆಯ ಭಟ್ಟರು ಮಾತ್ರ ಬಾಗಿಲ ಬಳಿ ತಿರುಗಿ ನಿಂತು, “ಧಣಿ, ಒಂದ್ಸಲ ಬಂದು ಕೇಳಿ. ಮತ್ತೆ ಬೇಡ ಅಂದ್ರೆ ಬೇಡ” ಎಂದರು. ಹೋಟೆಲಿನ ಮನುಷ್ಯನಿಗೆ ರುಚಿ ನೋಡದೆ ಬೇಡವೆನ್ನುವ ಅಧಿಕಾರವಿಲ್ಲ. ಹೋದೆವು.

ರಾತ್ರಿ ಹನ್ನೊಂದೂವರೆ. ಹೊರಗಿನ ಶಟರು ಇಳಿದಿತ್ತು. ರುಬ್ಬುವ ಯಂತ್ರ ನಿಂತಿತ್ತು. ನೆಲ ಆಗತಾನೆ ತೊಳೆದು ಒದ್ದೆಯಾಗಿತ್ತು. ಗುಮಾಸ್ತರು ಅಕ್ಕಿಯ ಚೀಲದ ಮೇಲೆ ಕುಳಿತು ಗಿಟಾರಿನ ಶ್ರುತಿ ಮಾಡುತ್ತಿದ್ದರು. ಗಲ್ಲೆಯವರು ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಸ್ಯಾಕ್ಸೊಫೋನನ್ನು ಬಿಚ್ಚುತ್ತಿದ್ದರು. ಭಟ್ಟರ ಮುಂದೆ ಒಂದು ಸ್ಟೀಲ್ ಡಬರಿ ಬೋರಲಾಗಿತ್ತು, ಪಕ್ಕದಲ್ಲಿ ಅವರ ಸ್ವಂತ ಮದ್ದಲೆ; ಊರಿನಲ್ಲಿ ಇದ್ದಾಗ ಅವರು ಎರಡು ತಿರುಗಾಟ ಮೇಳದಲ್ಲಿದ್ದವರು. ಹುಡುಗನ ಕೈಯಲ್ಲಿ ಒಂದು ಬೇಕಿಂಗ್ ಪೌಡರಿನ ಡಬ್ಬಿ.

ಆ ಡಬ್ಬಿಯ ವಿಷಯವನ್ನೇ ಮೊದಲು ಹೇಳಬೇಕು. ಮೂಲದ ಧ್ವನಿಮುದ್ರಿಕೆಯಲ್ಲಿ ತಾಳವಾದ್ಯವೆಂಬುದು ಇದೆಯೋ ಇಲ್ಲವೋ ಎನ್ನುವಷ್ಟು ಮೆದುವಾಗಿ ಕೇಳಿಸುತ್ತದೆ. ಅದಕ್ಕೆ ಸಮನಾದ ಸದ್ದನ್ನು ಹುಡುಕಿ ಹುಡುಗ ಮೊದಲು ಡಬ್ಬಿಗೆ ಅಕ್ಕಿ ತುಂಬಿದನಂತೆ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಹನಿ ಬಿದ್ದಂತಾಯಿತು. ಸಾಬಕ್ಕಿ ಹಾಕಿದರೆ ಇನ್ನೂ ಗಟ್ಟಿ. ಸಾಸಿವೆ ಹತ್ತಿರ ಬಂದಿತು, ಆದರೆ ತೀರ ಚುರುಕು. ಕಟ್ಟಕಡೆಗೆ ಕಾಲು ಡಬ್ಬಿ ರಾಗಿ ಹಾಕಿ ಒಳಗೆ ಒಂದು ಸುತ್ತು ಕಾಗದ ಹಚ್ಚಿದಾಗ ಬೇಕಾದ ಸದ್ದು ದೊರೆಯಿತು. ಡ್ರಮ್ಮಿನ ಮೇಲೆ ತಂತಿಯ ಕುಂಚವನ್ನು ಸವರುವ ಸದ್ದಿಗಾಗಿ ಅವರು ಕಂಡುಕೊಂಡ ಉಪಾಯವೆಂದರೆ, ಡಬರಿಯ ತಳಕ್ಕೆ ವೃತ್ತಪತ್ರಿಕೆಯ ಹಾಳೆ ಬಿಗಿದು ಅದರ ಮೇಲೆ ಗಟ್ಟಿ ಕೂದಲಿನ ಬ್ರಷ್ಷನ್ನು ಉಜ್ಜುವುದು. ಹಾಳೆ ನಮ್ಮ ಪತ್ರಿಕೆಯದೇ. ಅದರ ಸಂಪಾದಕೀಯ ಪುಟಕ್ಕೆ ಇಷ್ಟು ಒಳ್ಳೆಯ ಉಪಯೋಗವಿದೆಯೆಂದು ನಮಗೆ ತಿಳಿದಿರಲಿಲ್ಲ.

ಇನ್ನು ಲಯ. ಈ ಶೈಲಿಗೆ ‘ಬೊಸ ನೋವ’ ಎಂದು ಹೆಸರು. ಬ್ರೆಜಿಲಿನ ಸಾಂಬಾ ಕುಣಿತದ ಹೆಜ್ಜೆಯನ್ನು ತಗ್ಗಿಸಿ, ಅದರ ಮೇಲೆ ಅಮೆರಿಕದ ಜಾಝ್ ಸಂಗೀತದ ಸ್ವರಮೇಳವನ್ನಿಟ್ಟು 1950ರ ದಶಕದ ಕೊನೆಯಲ್ಲಿ ರಿಯೊ ನಗರದ ತರುಣರು ಇದನ್ನು ರೂಪಿಸಿದರು. ಇವರಲ್ಲಿ ಜೊವಾವ್ ಜಿಲ್ಬೆರ್ತೊ ಎಂಬ ಗಾಯಕ ಗಿಟಾರಿನ ಮೇಲೆ ಒಂದು ಹೊಸ ಬೆರಳಾಟವನ್ನು ತಂದರು. ಸಾಂಬಾ ಮೆರವಣಿಗೆಯ ದೊಡ್ಡ ನಗಾರಿಯ ಕೆಲಸವನ್ನು ಹೆಬ್ಬೆರಳಿಗೆ ಒಪ್ಪಿಸಿದರು, ಸಣ್ಣ ತಮ್ಮಟೆಯ ಕೆಲಸವನ್ನು ಉಳಿದ ಬೆರಳುಗಳಿಗೆ. ಒಂದು ಬೀದಿಯ ಗದ್ದಲವೆಲ್ಲ ಒಬ್ಬನ ಬಲಗೈಯಲ್ಲಿ ಅಡಗಿತು. ‘ಇಪನೇಮ’ ಗೀತೆಯ ಸಂಗೀತವನ್ನು ಅಂತೋನಿಯೊ ಕಾರ್ಲೋಸ್ ಜೋಬಿಂ 1962ರಲ್ಲಿ ರಚಿಸಿದರು. ಪದಗಳು ವಿನಿಸಿಯುಸ್ ಜಿ ಮೊರಾಯಿಸ್ ಎಂಬ ಕವಿಯವು. 1963ರಲ್ಲಿ ನ್ಯೂಯಾರ್ಕಿನಲ್ಲಿ ಜಿಲ್ಬೆರ್ತೊ, ಅವರ ಅಂದಿನ ಪತ್ನಿ ಆಸ್ತ್ರುದ್ ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಸ್ ಕೂಡಿ ಅದನ್ನು ಮುದ್ರಿಸಿದರು; 1964ರಲ್ಲಿ ಹೊರಬಂದ ಆ ತಟ್ಟೆಯು ಲೋಕವನ್ನೆಲ್ಲ ಸುತ್ತಿತು.

ಭಟ್ಟರು ಈ ಲಯವನ್ನು ಹಿಡಿದ ಬಗೆ ಸ್ವಾರಸ್ಯಕರವಾಗಿದೆ. ಗುಮಾಸ್ತರು ಮೊಬೈಲಿನಲ್ಲಿ ಹಾಡನ್ನು ಹಾಕಿ, ಡ್ರಮ್ಮಿನ ಅಂಚಿಗೆ ಬೀಳುವ ಕಡ್ಡಿಯ ಪೆಟ್ಟನ್ನು ಮಾತ್ರ ಕೇಳಿರೆಂದು ಹೇಳಿದರು. ಭಟ್ಟರು ಕಣ್ಣುಮುಚ್ಚಿ ನಾಲ್ಕು ಆವರ್ತ ಕೇಳಿ, ಬಾಯಲ್ಲಿ “ತಕಿಟ ತಕಿಟ ತಕಧಿಮಿ ತಕಿಟ ತಕಿಟ” ಎಂದುಬಿಟ್ಟರು. ಲೆಕ್ಕ ಹಾಕಿ ನೋಡಿದರೆ ಮೂರು, ಮೂರು, ನಾಲ್ಕು, ಮೂರು, ಮೂರು. ಕೂಡಿಸಿದರೆ ಹದಿನಾರು ಮಾತ್ರೆ. ಪ್ರತಿಯೊಂದು ಗುಂಪಿನ ಮೊದಲ ಅಕ್ಷರದ ಮೇಲೆ ಒಂದು ಪೆಟ್ಟು. ಬೊಸ ನೋವದ ಗುಟ್ಟು ಇಷ್ಟೆ. ಕ್ಯೂಬಾ ದ್ವೀಪದ ಹಾಡುಗಳಲ್ಲಿ ಬರುವ ಸೋದರ ಲಯವು “ತಕಿಟ ತಕಿಟ ತಕಧಿಮಿ ತಕ ತಕಧಿಮಿ”. ಕೊನೆಯ ಪೆಟ್ಟೊಂದು ಒಂದು ಮಾತ್ರೆ ಮುಂಚಿತವಾಗಿ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ಆಫ್ರಿಕದಿಂದ ಗುಲಾಮರಾಗಿ ಹಡಗುಗಳಲ್ಲಿ ತುಂಬಿ ಒಯ್ಯಲ್ಪಟ್ಟ ಜನರು ತಮ್ಮೊಂದಿಗೆ ಒಯ್ಯಬಲ್ಲುದಾಗಿದ್ದುದು ಇಂತಹ ಲೆಕ್ಕಗಳನ್ನೇ.

ಲೆಕ್ಕ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ಮೇಳದ ಅಭ್ಯಾಸ ಬಿಡದು: ಆವರ್ತದ ಮೊದಲಿಗೆ ಬಂದಾಗಲೆಲ್ಲ ಭಟ್ಟರ ಕೈ ತಾನಾಗಿಯೇ ಒಂದು “ಧೀಂ” ಕೊಡುತ್ತಿತ್ತು, ವೇಷ ರಂಗಕ್ಕೆ ಬಂದಂತೆ. ಈ ಸಂಗೀತದಲ್ಲಿ ಭಾರ ಬೀಳುವುದು ಎರಡನೆಯ ಎಣಿಕೆಯ ಮೇಲೆ, ಅದೂ ಮೆತ್ತಗೆ. ಸಮವನ್ನು ಸಾರಿ ಹೇಳದೆ ದಾಟಿಹೋಗುವುದನ್ನು ಕಲಿಯಲು ಅವರಿಗೆ ಹತ್ತು ರಾತ್ರಿ ಹಿಡಿಯಿತು. “ಹಸಿವಿದ್ದರೂ ಊಟ ಆಯ್ತು ಅಂದ ಹಾಗೆ” ಎಂದು ಅವರೇ ನಕ್ಕರು.

ಸ್ವರದ ವಿಷಯ ಇದಕ್ಕಿಂತ ಕಠಿಣವಾದುದು. ನಮ್ಮ ಸಂಗೀತದಲ್ಲಿ ತಂಬೂರಿಯು ಷಡ್ಜ ಪಂಚಮಗಳನ್ನು ಹಿಡಿದು ಕುಳಿತಿರುತ್ತದೆ, ಗಾಯಕನು ಎಲ್ಲಿ ಅಲೆದರೂ ಮನೆಯ ದೀಪ ಕಾಣುತ್ತಿರುತ್ತದೆ. ಪಾಶ್ಚಾತ್ಯ ಸ್ವರಮೇಳದಲ್ಲಿ ಷಡ್ಜ, ಅಂತರಗಾಂಧಾರ, ಪಂಚಮ ಈ ಮೂರನ್ನು ಒಮ್ಮೆಗೇ ನುಡಿಸಿದರೆ ಒಂದು ಕಾರ್ಡ್ ಆಗುತ್ತದೆ. ಚರ್ಚಿನ ಹಾಡಿಗೆ ಅಷ್ಟು ಸಾಕು. ಜಾಝ್ ವಾದಕರು ಅದರ ಮೇಲೆ ನಿಷಾದವನ್ನಿಡುತ್ತಾರೆ, ಅದರ ಮೇಲೆ ಇನ್ನೊಂದು ರಿಷಭವನ್ನೂ ಇಡುತ್ತಾರೆ. ಷಡ್ಜಕ್ಕೆ ಅಂಟಿಕೊಂಡಿರುವ ಕಾಕಲಿ ನಿಷಾದವು ಅದರೊಂದಿಗೆ ಜಗಳವಾಡಬೇಕು. ಆದರೆ ನಡುವೆ ಗಾಂಧಾರ ಪಂಚಮಗಳಿರುವುದರಿಂದ ಆ ಜಗಳ ಒಂದು ಬಗೆಯ ಮಾಧುರ್ಯವಾಗಿ ಪರಿಣಮಿಸುತ್ತದೆ. ಹುಳಿ ಖಾರಗಳ ನಡುವೆ ಒಂದು ಚೂರು ಬೆಲ್ಲ ಬಿದ್ದ ಸಾಂಬಾರಿನ ಹಾಗೆ. ಪುಣೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅವರ ಆಮಟಿಗೂ ಬೆಲ್ಲ ಬೀಳುತ್ತದೆ.

‘ಇಪನೇಮ’ ಗೀತೆಯ ಮೊದಲ ಸ್ವರವೇ ಷಡ್ಜವಲ್ಲ, ಕೆಳಗಿನ ಮಂದ್ರ ತಂತಿಗೆ ಹೋಲಿಸಿದರೆ ಅದು ರಿಷಭ. ಮುಂದೆ ಇನ್ನೊಂದು ಚಮತ್ಕಾರ. ಮೇಲಿನ ಧಾಟಿ ಅದೇ ಸ್ವರಗಳಲ್ಲಿ ಮತ್ತೊಮ್ಮೆ ಸುಳಿಯುತ್ತಿರುವಾಗ ಕೆಳಗಿನ ಮಂದ್ರ ಸ್ವರವು ಒಂದು ಮೆಟ್ಟಲು ಮೇಲಕ್ಕೆ ಹೋಗುತ್ತದೆ. ಹಾಡುವ ಸ್ವರ ಕದಲಲಿಲ್ಲ, ನಿಂತ ನೆಲ ಕದಲಿತು. ಈಗಿನವರೆಗೆ ರಿಷಭವಾಗಿದ್ದುದು ಈಗ ಷಡ್ಜವಾಯಿತು. ನಮ್ಮ ವಿದ್ವಾಂಸರು ರಾಗಾಲಾಪನೆಯ ನಡುವೆ ಅಪರೂಪಕ್ಕೆ ತೋರಿಸುವ ಗ್ರಹಭೇದವು ಇಲ್ಲಿ ಮೊದಲ ಅರ್ಧ ನಿಮಿಷದೊಳಗೇ ನಡೆದುಹೋಗುತ್ತದೆ. ಅನಂತರ ಮಂದ್ರ ಸ್ವರವು ಅರ್ಧರ್ಧ ಮೆಟ್ಟಲು ಜಾರುತ್ತ ಮನೆಗೆ ಮರಳುತ್ತದೆ. ಹಾಡಿನ ಮಧ್ಯಭಾಗದಲ್ಲಂತೂ ಇಡೀ ಮನೆಯೇ ಅರ್ಧ ಮೆಟ್ಟಲು ಮೇಲಕ್ಕೆ ಎದ್ದುನಿಲ್ಲುತ್ತದೆ.

ಗಲ್ಲೆಯವರ ಸಂಕಟ ಪ್ರಾರಂಭವಾದುದು ಇಲ್ಲಿಯೇ. ಅವರದು ದಕ್ಷಿಣ ಕನ್ನಡದ ವಾದ್ಯದ ಮನೆತನ. ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಸ್ಯಾಕ್ಸೊಫೋನ್ ನುಡಿಸುವುದು ಆ ಕಡೆ ಈಗ ವಿಶೇಷವಲ್ಲ. ಅದಕ್ಕೆ ಗೌರವ ತಂದವರು ಬಂಟ್ವಾಳ ತಾಲ್ಲೂಕಿನ ಕದ್ರಿ ಗೋಪಾಲನಾಥರು (1949–2019). ನಾಗಸ್ವರದ ಮನೆಯಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ವರ್ಷಗಟ್ಟಲೆ ದುಡಿದು ಕರ್ನಾಟಕ ಸಂಗೀತದ ಗಮಕಗಳನ್ನು ಅದರಲ್ಲಿ ನುಡಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರು ಇವರ ವಾದನ ಕೇಳಿ ತಾವಾಗಿಯೇ ವೇದಿಕೆಯ ಮೇಲೆ ಜೊತೆಗೂಡಿದ ಸಂಗತಿ ಪ್ರಸಿದ್ಧವಾಗಿದೆ. ನಮ್ಮ ಗಲ್ಲೆಯವರಾದರೋ ಪುಣೆಗೆ ಬಂದ ಏಳು ವರ್ಷಗಳಲ್ಲಿ ಒಮ್ಮೆಯೂ ವಾದ್ಯವನ್ನು ತುಟಿಗೆ ಹಚ್ಚಿರಲಿಲ್ಲ. ಕೋಣೆಯಲ್ಲಿ ಆರು ಮಂದಿ ಮಲಗುವಲ್ಲಿ ಊದುವುದೆಲ್ಲಿ? ಮಂಚದಡಿಯಲ್ಲಿದ್ದ ವಾದ್ಯದ ಚರ್ಮದ ಪ್ಯಾಡುಗಳು ಒಣಗಿ ಗಾಳಿ ಸೋರುತ್ತಿತ್ತು. ಅದನ್ನು ಸರಿಪಡಿಸಲು ಅವರು ಒಂದು ತಿಂಗಳ ಸಂಬಳದ ಮೂರನೆಯ ಒಂದು ಪಾಲನ್ನು ತೆತ್ತರು. ಮನೆಗೆ ಹಣ ಕಡಮೆ ಬಂದುದೇಕೆಂದು ಊರಿನಿಂದ ಫೋನು ಬಂದಾಗ ಹಲ್ಲುನೋವೆಂದು ಹೇಳಿದರಂತೆ. ಇದನ್ನು ಅಚ್ಚು ಮಾಡಲು ಅವರ ಅನುಮತಿಯನ್ನು ಪಡೆದಿದ್ದೇವೆ; ಮನೆಯವರಿಗೆ ಈಗ ತಿಳಿದಿದೆ.

ಅವರು ಕಲಿತದ್ದೆಲ್ಲ ಗಮಕ. ರಿಷಭವನ್ನು ಹಿಡಿದರೆ ಅದು ಅಲುಗಾಡಿ ಅಕ್ಕಪಕ್ಕದ ಷಡ್ಜ ಗಾಂಧಾರಗಳನ್ನು ಮುಟ್ಟಿ ಬರಬೇಕು. ಇಲ್ಲಿಯಾದರೆ ಗಿಟಾರಿನಲ್ಲಿ ನಾಲ್ಕೈದು ಸ್ವರಗಳು ಈಗಾಗಲೇ ನಿಂತಿವೆ. ಮೇಲಿನ ಸ್ವರವು ಅಲುಗಾಡಿದೊಡನೆಯೇ ಎಲ್ಲ ಕಲಸಿಹೋಗುತ್ತದೆ. ನೆಟ್ಟಗೆ, ಉಸಿರು ಕೇಳಿಸುವಂತೆ, ಕಿವಿಯಲ್ಲಿ ಗುಟ್ಟು ಹೇಳಿದಂತೆ ಊದಬೇಕು. ಕಲಿಯುವುದಕ್ಕಿಂತಲೂ ಕಲಿತುದನ್ನು ಬದಿಗಿಡುವುದು ಕಷ್ಟವೆಂಬುದನ್ನು ನಾವು ಆ ಮನುಷ್ಯನ ಹಣೆಯ ಬೆವರಿನಲ್ಲಿ ಕಂಡೆವು.

ಅವರಿಗೆ ದಾರಿ ತೋರಿಸಿದವರು ಕ್ಯಾಂಪಿನಲ್ಲಿ ವಾಸವಾಗಿರುವ ಗೋವೆಯ ಮೂಲದ ಒಬ್ಬ ವೃದ್ಧರು. ಗುಮಾಸ್ತರ ಬ್ಯಾಂಕಿಗೆ ಪಿಂಚಣಿಗಾಗಿ ಬರುತ್ತಿದ್ದವರು. ಒಂದು ದಿನ ಕೌಂಟರಿನ ಮೇಲೆ ಬೆರಳಾಡಿಸುತ್ತಿದ್ದ ಗುಮಾಸ್ತರನ್ನು ಕಂಡು, ಅದು ಯಾವ ಲಯವೆಂದು ಕೇಳಿದರಂತೆ. ತರುಣರಾಗಿದ್ದಾಗ ಕೆಲವು ವರ್ಷ ಮುಂಬಯಿಯ ಚಿತ್ರಗೀತೆಗಳ ವಾದ್ಯವೃಂದದಲ್ಲಿ ಪಿಟೀಲು ನುಡಿಸಿದ್ದವರು. ಯಾವ ಚಿತ್ರದ ತಟ್ಟೆಯ ಮೇಲೂ ಅವರ ಹೆಸರಿಲ್ಲ.

ಈ ವರ್ಗದ ಜನರ ಚರಿತ್ರೆಯು ಹೋಟೆಲಿನವರಾದ ನಾವು ತಿಳಿದಿರಬೇಕಾದುದು, ಏಕೆಂದರೆ ಅದು ಪ್ರಾರಂಭವಾದುದು ಹೋಟೆಲಿನಲ್ಲಿ. 1935ರಲ್ಲಿ ಅಮೆರಿಕದ ಲಿಯೋನ್ ಆಬಿಯವರ ಜಾಝ್ ತಂಡ ಬಂದು ಮುಂಬಯಿಯ ತಾಜಮಹಲ್ ಹೋಟೆಲಿನಲ್ಲಿ ನುಡಿಸಿತು. ಅದರ ಬೆನ್ನಿಗೆ ಇತರರೂ ಬಂದರು. ಗೋವೆಯ ಚರ್ಚ್ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು ಕಲಿತಿದ್ದ ಯುವಕರು ಅವರ ಸಂಗೀತವನ್ನು ಬೇಗನೆ ಕೈವಶ ಮಾಡಿಕೊಂಡರು. ಆಲ್ದೋನ ಗ್ರಾಮದ ಅಂತೋನಿಯೊ ಶಾವಿಯೆರ್ ವಾಜ್ ಎಂಬ ಟ್ರಂಪೆಟ್ ವಾದಕರು ‘ಚಿಕ್ ಚಾಕೊಲೇಟ್’ ಎಂಬ ಹೆಸರಿನಿಂದ ಮೆರೆದರು. 1949ರ ಪಾನನಿರೋಧ ಕಾಯಿದೆಯಿಂದ ಮುಂಬಯಿಯ ಹೋಟೆಲುಗಳ ಕುಣಿತದ ಕೂಟಗಳು ಕುಗ್ಗಿದಂತೆ ಈ ವಾದ್ಯಗಾರರು ಚಲಚ್ಚಿತ್ರಗಳನ್ನು ಮತ್ತಷ್ಟು ಆಶ್ರಯಿಸಿದರು.

ಅಹಮದನಗರ ಜಿಲ್ಲೆಯ ಪುಣತಾಂಬೆಯಲ್ಲಿ ಹುಟ್ಟಿ, ವಿನಾಯಕಬುವಾ ಪಟವರ್ಧನರಲ್ಲಿ ಹಿಂದೂಸ್ತಾನಿ ಸಂಗೀತವನ್ನಭ್ಯಸಿಸಿದ ಸಿ. ರಾಮಚಂದ್ರರು ಚಿಕ್ ಚಾಕೊಲೇಟರನ್ನು ಜೊತೆಗಿಟ್ಟುಕೊಂಡು ಈ ದೇಶದ ಕಿವಿಗೆ ಲ್ಯಾಟಿನ್ ಲಯವನ್ನು ಹಿಡಿಸಿದರು. ‘ಸಮಾಧಿ’ (1950) ಚಿತ್ರದ ‘ಗೋರೆ ಗೋರೆ’ ಹಾಡು ಕಾರ್ಮೆನ್ ಮಿರಾಂಡ 1945ರ ಒಂದು ಅಮೆರಿಕನ್ ಚಿತ್ರದಲ್ಲಿ ಹಾಡಿದ ಗೀತೆಯಿಂದ ಹುಟ್ಟಿದ್ದು. ‘ಅಲಬೇಲಾ’ (1951) ಚಿತ್ರದ ‘ಶೋಲಾ ಜೊ ಭಡ್ಕೆ’ ಇನ್ನೂ ಮದುವೆ ಮನೆಗಳಲ್ಲಿ ಕೇಳಿಸುತ್ತದೆ. ಬೊಂಗೊ ಮೊದಲಾದ ತಾಳವಾದ್ಯಗಳನ್ನು ತಂದವರಲ್ಲಿ ಕಾವಸ್ ಲಾರ್ಡ್ ಎಂಬ ಪಾರ್ಸಿ ವಾದಕರು ಮುಖ್ಯರು. ಬೊಸ ನೋವವು ಹಿಂದಿ ಚಿತ್ರಕ್ಕೆ ಬಂದುದು ರಾಹುಲ ದೇವ ಬರ್ಮನ್ನರ ‘ಪತಿ ಪತ್ನಿ’ (1966) ಕಾಲಕ್ಕೆ. ಕನ್ನಡವೂ ಹಿಂದೆ ಬೀಳಲಿಲ್ಲ. ‘ಜೇಡರ ಬಲೆ’ (1968)ಯಿಂದ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ (1978)ವರೆಗಿನ ಪತ್ತೇದಾರಿ ಚಿತ್ರಗಳಲ್ಲಿ ಜಿ. ಕೆ. ವೆಂಕಟೇಶರು ಪಾಶ್ಚಾತ್ಯ ವಾದ್ಯಗಳನ್ನು ಧಾರಾಳವಾಗಿ ಬಳಸಿದರು. ಕೊನೆಯದರಲ್ಲಿ ರಾಜಕುಮಾರರು ಇಂಗ್ಲಿಷ್ ಪದವನ್ನೇ ಹಾಡಿದ್ದು ಯಾರಿಗೆ ಗೊತ್ತಿಲ್ಲ!

ಧಾಟಿಯನ್ನು ಕಟ್ಟಿದವರು ಸಂಗೀತ ನಿರ್ದೇಶಕರು. ಅದಕ್ಕೆ ಸ್ವರಮೇಳವನ್ನು ಹೆಣೆದು ಒಬ್ಬೊಬ್ಬ ವಾದಕನ ಮುಂದೆ ಬರೆದ ಹಾಳೆಯನ್ನಿಟ್ಟವರು ಸೆಬಾಸ್ಟಿಯನ್ ಡಿಸೋಜ, ಆಂಟನಿ ಗೊನ್ಸಾಲ್ವಿಸರಂತಹವರು. ಬೋರ್ಡಿನ ಮೇಲೆ ಮಾಲಿಕನ ಹೆಸರು, ಒಳಗೆ ಬೇಯಿಸುವವನು ಬೇರೆ. ನಮಗೆ ಇದು ಅಪರಿಚಿತ ವ್ಯವಸ್ಥೆಯೇನಲ್ಲ. ಧ್ವನಿಮುದ್ರಣವಾದ ಮೇಲೆ ಆ ಹಾಳೆಗಳನ್ನು ಕಾಪಾಡುವ ಪದ್ಧತಿಯೂ ಇರಲಿಲ್ಲ. 1990ರ ದಶಕದಲ್ಲಿ ಕೀಬೋರ್ಡು ಯಂತ್ರಗಳು ಬಂದು ದೊಡ್ಡ ವಾದ್ಯವೃಂದಗಳು ಚದರಿಹೋದವು. ಇಂದು ಆ ಹಾಡುಗಳನ್ನು ಮೂಲದಂತೆ ನುಡಿಸಬಯಸುವವನು ತಟ್ಟೆಗೆ ಕಿವಿಗೊಟ್ಟು ಒಂದೊಂದೇ ಸ್ವರವನ್ನು ಹೆಕ್ಕಬೇಕು, ಇಲ್ಲವೆ ನುಡಿಸಿದವರು ಬದುಕಿರುವಾಗ ಅವರನ್ನು ಕೇಳಬೇಕು. ನಮ್ಮ ಪುಣೆಯಲ್ಲಿಯೇ ‘ಪಂಚಮ್ ಮ್ಯಾಜಿಕ್’ ಎಂಬ ರಸಿಕರ ತಂಡವು ಬರ್ಮನ್ನರ ವಾದ್ಯಗಾರರನ್ನೇ ವೇದಿಕೆಗೆ ಕರೆಯಿಸಿ, ಯಾವ ಸದ್ದು ಯಾವುದರಿಂದ ಹುಟ್ಟಿತೆಂದು ಅವರ ಬಾಯಿಂದಲೇ ಹೇಳಿಸುವ ಒಳ್ಳೆಯ ಕೆಲಸವನ್ನು ಮಾಡುತ್ತ ಬಂದಿದೆ.

ವೃದ್ಧರು ವಾರಕ್ಕೆರಡು ರಾತ್ರಿ ಆಟೋರಿಕ್ಷಾದಲ್ಲಿ ಬರತೊಡಗಿದರು. ಗುಮಾಸ್ತರಿಗೆ ಅವರು ‘ಅಂಕಲ್’; ಗಲ್ಲೆಯವರಿಗೂ ಅವರಿಗೂ ಕೊಂಕಣಿಯಲ್ಲಿ ಮಾತು, ಇವರದು ಮಂಗಳೂರಿನ ಪೇಟೆಯಲ್ಲಿ ಕಲಿತ ಅರೆಬರೆ ಕೊಂಕಣಿಯಾದರೂ. ಹಣ ಕೊಡಹೋದರೆ ಬೇಡವೆಂದು, ಒಂದು ತಟ್ಟೆ ನೀರುದೋಸೆಗೆ ಮಾತ್ರ ಒಪ್ಪಿದರು. ಹಳೆಯ ಬಿಲ್ಲು ಪುಸ್ತಕದ ಹಿಂಬದಿಯಲ್ಲಿ ಐದು ಗೆರೆ ಎಳೆದು ಕಾರ್ಡುಗಳನ್ನು ಬರೆದುಕೊಟ್ಟರು. ಒಂದು ರಾತ್ರಿ ಅವರು ಹೇಳಿದ ಸಂಗತಿ ನಮ್ಮ ಮನಸ್ಸಿನಲ್ಲಿ ನಿಂತಿದೆ. ಗೋವೆಯೂ ಬ್ರೆಜಿಲೂ ಒಂದೇ ಪೋರ್ತುಗೀಜ್ ದೊರೆತನದಲ್ಲಿದ್ದವು, ಒಂದರ ಹಡಗು ಇನ್ನೊಂದಕ್ಕೆ ಬರುತ್ತಿತ್ತು. ನಿಮ್ಮ ಕುಂದಾಪುರದ ಗೇರುಬೀಜ ಎಲ್ಲಿಂದ ಬಂತೆಂದುಕೊಂಡಿರಿ ಎಂದು ಅವರು ಭಟ್ಟರನ್ನು ಕೇಳಿದರು. ಗೇರುಮರದ ಮೂಲಸ್ಥಾನ ಬ್ರೆಜಿಲೆಂಬುದು ದಿಟ. ಅದನ್ನು ತಲತಲಾಂತರದಿಂದ ನಮ್ಮ ಗುಡ್ಡದ ಬೆಳೆಯೆಂದೇ ತಿಳಿದಿದ್ದ ಭಟ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಮಿತಿಯ ಮುಂದಿನ ಸಭೆಯಲ್ಲಿ ನಾವು ನಮ್ಮ ಮೊದಲಿನ ಮತವನ್ನು ಹಿಂದಕ್ಕೆ ಪಡೆದೆವು. ಚರ್ಚೆ ಬಿಸಿಯಾಯಿತು. ಇಂದು ಇದು, ನಾಳೆ ಇನ್ನೇನು ಎಂದು ಒಬ್ಬ ಹಿರಿಯರು ಎದ್ದರು. 1952ರಲ್ಲಿ ಕೇಂದ್ರ ಮಂತ್ರಿಗಳಾದ ಬಿ. ವಿ. ಕೇಸ್ಕರರು ಚಿತ್ರಗೀತೆಯನ್ನು ಆಕಾಶವಾಣಿಯಿಂದ ದೂರವಿಡಹೋದಾಗ ಜನರು ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದ್ದನ್ನು ನಾವು ನೆನಪಿಸಿದೆವು. ನಮ್ಮ ಮುಖ್ಯ ವಾದ ಬೇರೆಯಾಗಿತ್ತು. ನುಡಿಸುವವರು ಕನ್ನಡಿಗರು, ಹಗಲು ಹದಿನಾಲ್ಕು ಗಂಟೆ ನಿಂತು ದುಡಿದು ರಾತ್ರಿ ಇದಕ್ಕಾಗಿ ನಿದ್ದೆಗೆಟ್ಟವರು, ಇವರ ಹೆಸರನ್ನು ವೇದಿಕೆಯ ಮೇಲೆ ಒಮ್ಮೆ ಓದಿದರೆ ಕನ್ನಡಕ್ಕೇನು ಕೊರತೆ? ನಾವೂ ಎಸ್.ಎಸ್.ಎಲ್.ಸಿ. ಮುಗಿಸಿ ಬಂದು ಇದೇ ಊರಿನಲ್ಲಿ ಟೇಬಲ್ಲು ಒರೆಸಿದವರು. “ಏ ಪೋರ” ಎಂಬುದಲ್ಲದೆ ಬೇರೆ ಹೆಸರು ನಮಗೆ ಮೊದಲ ಮೂರು ವರ್ಷ ಇರಲಿಲ್ಲ. ಕೊನೆಗೆ ಐದು ನಿಮಿಷ ಬೇಡ, ನಾಲ್ಕು ನಿಮಿಷ, ಅದೂ ಊಟಕ್ಕೆ ಮುಂಚೆ ಎಂದು ತೀರ್ಮಾನವಾಯಿತು.

ಅಂದು ಸಭಾಂಗಣ ತುಂಬಿತ್ತು, ಗಲಾಟೆಯೂ ಇತ್ತು. ಹೆಸರುಗಳನ್ನು ಓದಿದಾಗ ಹಿಂಬದಿಯಲ್ಲಿ ನಿಂತಿದ್ದ ಹೋಟೆಲಿನ ಹುಡುಗರು ಸಿಳ್ಳು ಹಾಕಿದರು. ಸ್ಯಾಕ್ಸೊಫೋನಿನ ಮೊದಲ ಊದು ಕೀಚೆಂದಿತು. ಗಲ್ಲೆಯವರು ರೀಡನ್ನು ನಾಲಿಗೆಯಿಂದ ನೆನೆಸಿ ಮತ್ತೆ ಪ್ರಾರಂಭಿಸಿದರು. ಈ ಸಲ ಸ್ವರ ನೆಟ್ಟಗೆ ನಿಂತಿತು. ಗಿಟಾರಿನ ಹೆಬ್ಬೆರಳು, ರಾಗಿಯ ಡಬ್ಬಿ, ಡಬರಿಯ ಮೇಲೆ ನಮ್ಮ ಪತ್ರಿಕೆ, ಮದ್ದಲೆಯ ಅಂಚಿನ ಮೇಲೆ ತಕಿಟ ತಕಿ ಟ ಎನ್ನುವ ಮೆಲುಪೆಟ್ಟು. ಮಾತಾಡುತ್ತಿದ್ದವರು ಯಾವಾಗ ಸುಮ್ಮನಾದರೋ ನಾವು ಗಮನಿಸಲಿಲ್ಲ. ಮಧ್ಯಭಾಗದಲ್ಲಿ ಮನೆ ಅರ್ಧ ಮೆಟ್ಟಲು ಮೇಲೇರಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು ತೊಡೆಯ ಮೇಲಿನ ತಾಳವನ್ನು ನಿಲ್ಲಿಸಿ ಕತ್ತೆತ್ತಿ ನೋಡಿದರು. ಕಡೆಯ ಸುತ್ತಿನಲ್ಲಿ ಗಲ್ಲೆಯವರಿಗೆ ತಡೆಯಲಾಗಲಿಲ್ಲವೆಂದು ತೋರುತ್ತದೆ. ಒಂದೇ ಒಂದು ಸ್ವರಕ್ಕೆ ಊರಿನ ಗಮಕವನ್ನು ಕೊಟ್ಟರು. ಅದು ತಪ್ಪೆಂದು ಬಲ್ಲವರು ಹೇಳಬಹುದು. ನಮಗೆ ಮೈ ಜುಮ್ಮೆಂದಿತು.

ಊಟದ ಸಾಲಿನಲ್ಲಿ ಅಧ್ಯಕ್ಷರು ಅದು ಯಾವ ರಾಗವೆಂದು ವಿಚಾರಿಸಿದರು. ಮೊದಲು ವಿರೋಧಿಸಿದ್ದ ಹಿರಿಯರು ರಾಗಿಯ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿ ನೋಡಿ, ಏನೂ ಹೇಳದೆ ಹುಡುಗನಿಗೆ ಮರಳಿ ಕೊಟ್ಟರು. ಗೋವೆಯ ವೃದ್ಧರು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಗುಮಾಸ್ತರು ಓಡಿಹೋಗಿ ಅವರ ಮುಂದೆ ನಿಂತಾಗ ಅವರು ಕನ್ನಡಕವನ್ನು ಒರೆಸಿಕೊಳ್ಳುತ್ತ, ಮಧ್ಯಭಾಗದ ಎರಡನೆಯ ಕಾರ್ಡಿನಲ್ಲಿ ನಿಷಾದವು ಅರ್ಧ ಮೆಟ್ಟಲು ಇಳಿಯಬೇಕಾಗಿತ್ತು, ನೀವು ಇಳಿಸಲಿಲ್ಲ ಎಂದರು. ಅದನ್ನು ಸರಿಪಡಿಸಲು ಮಂಗಳವಾರ ರಾತ್ರಿ ಬರುವೆನೆಂದೂ ಹೇಳಿದರು.